ಬಾಗಿಲಲ್ಲೇ ಅರ್ಧ ಮುಗಿಯುವ ಆಟ

ರಿಯಾಲಿಟಿ ಶೋ ಒಂದರಲ್ಲಿ ಯಾರು ಗೆಲ್ಲುತ್ತಾರೆ ಎಂದು ಜನ ಮೂರು ತಿಂಗಳು ವಾದ ಮಾಡುತ್ತಾರೆ. ಆದರೆ ಯಾರು ಆಡಬೇಕು, ಯಾವ ಸ್ಥಿತಿಯಿಂದ ಆಟ ಶುರು ಮಾಡಬೇಕು ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಸ್ಪರ್ಧಿಗಳ ಆಯ್ಕೆ ಕ್ಯಾಮೆರಾದ ಹಿಂದೆ ನಡೆಯುತ್ತದೆ. ಆಟದ ಆರಂಭದ ಷರತ್ತುಗಳನ್ನು ವಾಹಿನಿಗಳು ‘ಗ್ರ್ಯಾಂಡ್ ಓಪನಿಂಗ್’ ಎನ್ನುವ ಮೊದಲ ಸಂಚಿಕೆಯಲ್ಲಿ, ದೀಪ ಸಂಗೀತಗಳ ನಡುವೆ, ಎಲ್ಲರ ಕಣ್ಣೆದುರಿಗೇ ಹಾಕಲಾಗುತ್ತದೆ. ಕನ್ನಡ ‘ಬಿಗ್ ಬಾಸ್’ನ ಹತ್ತು, ಹನ್ನೊಂದು ಮತ್ತು ಹನ್ನೆರಡನೇ ಆವೃತ್ತಿಗಳು ಈ ವಿಷಯವನ್ನು ಅರಿಯಲು ಒಳ್ಳೆಯ ಉದಾಹರಣೆಗಳು.

ಈ ಕಾರ್ಯಕ್ರಮದ ಮೂಲ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ‘ಬಿಗ್ ಬ್ರದರ್’. ಅಲ್ಲಿ ಮನೆಯೊಳಗೆ ಹೋದವರು ಹೆಸರಿಲ್ಲದ ಸಾಮಾನ್ಯರು. 2013ರ ಮಾರ್ಚ್‌ನಲ್ಲಿ ಈಟಿವಿ ಕನ್ನಡದಲ್ಲಿ ಸುದೀಪ್ ನಿರೂಪಣೆಯಲ್ಲಿ ಬಂದ ಕನ್ನಡದ ಮೊದಲ ಆವೃತ್ತಿಯದು ಬೇರೆಯದೇ ಲೆಕ್ಕಾಚಾರ: ಒಳಗೆ ಹೋದವರು ಜನ ಮೊದಲೇ ಬಲ್ಲ ಮುಖಗಳು, ಗೆದ್ದವರು ನಟ ವಿಜಯ್ ರಾಘವೇಂದ್ರ. ಜನಸಾಮಾನ್ಯರಿಗೂ ಬಾಗಿಲು ತೆರೆದದ್ದು 2017ರ ಐದನೇ ಆವೃತ್ತಿಯಲ್ಲಿ. ಮರುವರ್ಷವೇ ಕೃಷಿಕ ಶಶಿಕುಮಾರ್ ಗೆದ್ದರು. ಏಳನೆಯದರಲ್ಲಿ ಆ ಬಾಗಿಲು ಮತ್ತೆ ಮುಚ್ಚಿತು. ಏಕೆ ತೆರೆಯಿತು, ಏಕೆ ಮುಚ್ಚಿತು ಎಂಬುದಕ್ಕೆ ನೋಡುಗನ ಮುಂದೆ ಯಾವ ಲಿಖಿತ ನಿಯಮವೂ ಇಲ್ಲ. ಅನುಮಾನ ಹುಟ್ಟುವುದು ಇಲ್ಲಿಂದಲೇ.

2023ರ ಅಕ್ಟೋಬರ್‌ನಲ್ಲಿ ಶುರುವಾದ ಹತ್ತನೇ ಆವೃತ್ತಿ ಆಯ್ಕೆಯ ಒಂದು ಭಾಗವನ್ನು ವೇದಿಕೆಗೇ ತಂದಿತು. ಸ್ಟುಡಿಯೊದಲ್ಲಿದ್ದ ಪ್ರೇಕ್ಷಕರು ಪ್ರತಿ ಆಕಾಂಕ್ಷಿಗೂ ಮತ ಹಾಕಿದರು. ಶೇ 80 ದಾಟಿದವರಿಗೆ ನೇರ ಪ್ರವೇಶ, 40ಕ್ಕಿಂತ ಕಡಿಮೆ ಬಂದವರಿಗೆ ವಾಪಸ್ ದಾರಿ, ನಡುವೆ ಉಳಿದವರು ಕಾಯಬೇಕು. ಹೀಗೆ ಕಾದವರಲ್ಲಿ ಕೆಲವರು ಕೊನೆಗೆ ‘ಅಸಮರ್ಥರು’ ಎಂಬ ಪಟ್ಟ ಹೊತ್ತು ಒಳಗೆ ಹೋದರು. ಅವರಲ್ಲಿ ಒಬ್ಬರಾದ ಕಾರ್ತಿಕ್ ಮಹೇಶ್ ಆ ಆವೃತ್ತಿಯನ್ನೇ ಗೆದ್ದರು. ಮೊದಲ ಸಂಚಿಕೆಯ ಅಳತೆಗೋಲು ಎಷ್ಟು ಸಡಿಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸ್ಟುಡಿಯೊದಲ್ಲಿ ಕೂತ ಕೆಲವು ನೂರು ಜನ ಮತ ಹಾಕುವುದು ಐದು ನಿಮಿಷದ ಪರಿಚಯ ನೋಡಿ. ಆ ಪರಿಚಯವನ್ನು ಹೆಣೆದವರು ಕಾರ್ಯಕ್ರಮದವರೇ.

ಹನ್ನೊಂದನೇ ಆವೃತ್ತಿ 2024ರ ಸೆಪ್ಟೆಂಬರ್ 29ರಂದು ಸ್ವರ್ಗ–ನರಕವೆಂದು ಮನೆಯನ್ನೇ ಸೀಳಿಕೊಂಡು ಬಂತು. ಸ್ವರ್ಗದವರಿಗೆ ಹಾಸಿಗೆ, ಒಳ್ಳೆಯ ಊಟ. ನರಕದವರಿಗೆ ಗಂಜಿ, ಶೌಚಾಲಯಕ್ಕೆ ಹೋಗಲೂ ಅನುಮತಿ ಬೇಕು. ಯಾರು ಎಲ್ಲಿ ಎಂಬುದು ಆಟ ಆಡುವ ಮುನ್ನವೇ ನಿಶ್ಚಯವಾಯಿತು. ಸೋತು ನರಕಕ್ಕೆ ಹೋದರೆ ಅದು ಸ್ಪರ್ಧೆ. ಆಡದೆಯೇ ನರಕಕ್ಕೆ ಬಿದ್ದರೆ ಅದು ಅನ್ಯಾಯ ಎಂಬ ಭಾವನೆ ನೋಡುಗರಲ್ಲಿ ಬಲವಾಗಿಯೇ ಇತ್ತು, ಮತ್ತು ಆ ಭಾವನೆ ಸರಿಯಾಗಿತ್ತು. ದೂರು ರಾಜ್ಯ ಮಹಿಳಾ ಆಯೋಗದವರೆಗೆ ಹೋಯಿತು. ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಕೆಲವೇ ದಿನಗಳಲ್ಲಿ ನರಕದ ಕಂಬಿಗಳು ಮುರಿದು ಮನೆ ಒಂದಾಯಿತು.

2025ರ ಸೆಪ್ಟೆಂಬರ್ 28ರಂದು ಶುರುವಾದ ಹನ್ನೆರಡನೇ ಆವೃತ್ತಿಯಲ್ಲಿ ಸ್ಪರ್ಧಿಗಳು ‘ಜಂಟಿ’ಗಳಾಗಿ, ‘ಒಂಟಿ’ಗಳಾಗಿ ಬಂದರು. ಕರಾವಳಿಯ ಮಾತಿನ ವಿಡಿಯೊಗಳಿಂದ ಹೆಸರಾದ ರಕ್ಷಿತಾ ಶೆಟ್ಟಿ ಕೊನೆಗೆ ಒಳಬಂದವರಲ್ಲಿ ಒಬ್ಬರು. ಮನೆಯೊಳಗಿದ್ದವರ ತೀರ್ಮಾನದಂತೆ ಅವರು ಕೆಲವೇ ಗಂಟೆಗಳಲ್ಲಿ ಹೊರಗೆ ನಡೆಯಬೇಕಾಯಿತು. ಜನರ ಮತಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆಕ್ಷೇಪ ಜೋರಾಯಿತು, ಕೆಲವು ದಿನಗಳಲ್ಲಿ ಅವರು ಮತ್ತೆ ಒಳಬಂದರು. ಕಾರ್ಯಕ್ರಮ ಮೊದಲೇ ಹೀಗೆಂದು ಯೋಚಿಸಿತ್ತೋ, ಜನರ ಸಿಟ್ಟಿಗೆ ಬಾಗಿತೋ, ಹೊರಗಿನವರಿಗೆ ತಿಳಿಯುವ ಮಾರ್ಗವಿಲ್ಲ. ಎರಡೂ ಸಾಧ್ಯವಿರುವಲ್ಲಿ ಎಲಿಮಿನೇಷನ್ ಎಂಬುದರ ಬೆಲೆಯೇ ಇಳಿಯುತ್ತದೆ: ಹೊರಹೋದವರು ನಿಜಕ್ಕೂ ಹೊರಹೋದರೇ ಎಂಬ ಪ್ರಶ್ನೆ ಪ್ರತಿ ವಾರವೂ ಉಳಿಯುತ್ತದೆ.

ಆಯ್ಕೆಯ ಪ್ರಶ್ನೆ ಉತ್ತರ ಕರ್ನಾಟಕದ ಮಟ್ಟಿಗೆ ಇನ್ನಷ್ಟು ಆಳದ್ದು. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಗದಗ-ಬೆಟಗೇರಿಯಲ್ಲಿ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ ಬಂದಿದೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ನೆಲೆಯೂ ಗದಗವೇ. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಊರು ತಾಂಡಾಗಳಲ್ಲಿ ಭಜನಾಪದ, ಡೊಳ್ಳಿನ ಪದ, ಲಂಬಾಣಿ ಹಾಡುಗಳಿಗೆ ಬರವಿಲ್ಲ. ಇಂಥ ಸೀಮೆಯ ಮಾತು ಟಿವಿಯಲ್ಲಿ ಹೆಚ್ಚಾಗಿ ನಗೆಗೆ ಬಳಕೆಯಾಗುತ್ತದೆ. ಪರಿಚಯದ ವಿಡಿಯೊದಲ್ಲಿ ಹಾಡುಗಾರನ ಗುರು ಯಾರು, ಕಲಿತ ಪದ್ಧತಿ ಯಾವುದು ಎಂಬುದಕ್ಕಿಂತ ಗುಡಿಸಲು, ಲುಂಗಿ, ತಾಯಿಯ ಕಣ್ಣೀರು ಮುಂದೆ ಬರುತ್ತವೆ. ಬಡತನ ಸುಳ್ಳಲ್ಲ. ಆದರೆ ಅದೇ ಅರ್ಹತೆಯಾದರೆ, ಗದಗಿನ ಓಣಿಯೊಂದರಲ್ಲಿ ಹತ್ತು ವರ್ಷ ರಿಯಾಜ್ ಮಾಡಿದ, ಹೇಳಿಕೊಳ್ಳುವಂಥ ಕಷ್ಟದ ಕತೆಯಿಲ್ಲದ ಹುಡುಗಿ ಆಡಿಷನ್‌ನಲ್ಲೇ ಹಿಂದೆ ಬೀಳುತ್ತಾಳೆ.

ಹನುಮಂತ ಲಮಾಣಿಯವರ ಪಯಣದಲ್ಲಿ ಕಲೆ ಮತ್ತು ಕಷ್ಟದ ಕತೆ ಎಂಬ ಈ ಎರಡು ಮುಖಗಳೂ ಕಾಣುತ್ತವೆ. ಅವರ ಊರು ಚಿಲ್ಲೂರು ಬಡ್ನಿ, ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನದು. ಲಕ್ಷ್ಮೇಶ್ವರ ಸೀಮೆಗೆ ತೀರ ನೆರೆಯದು. ಕುರಿ ಕಾಯುತ್ತ ಹಾಡಿಕೊಂಡಿದ್ದ ಅವರು ಜೀ ಕನ್ನಡದ ‘ಸರಿಗಮಪ’ ಹದಿನೈದನೇ ಆವೃತ್ತಿಯಲ್ಲಿ ರನ್ನರ್ ಅಪ್ ಆದರು. ಶಾಸ್ತ್ರೀಯವಾಗಿ ಕಲಿತವರ ಎದುರು ಅವರನ್ನು ಜನ ಅಷ್ಟು ದೂರ ಕರೆತಂದಾಗ, ಇದು ಕಂಠಕ್ಕೆ ಬಿದ್ದ ಮತವೋ ಮುಗ್ಧತೆಗೆ ಬಿದ್ದ ಮತವೋ ಎಂಬ ಚರ್ಚೆ ನಡೆದಿತ್ತು. 2024ರ ಬಿಗ್ ಬಾಸ್‌ನ ಮೊದಲ ಸಂಚಿಕೆಯಲ್ಲಿ ಅವರು ಇರಲೇ ಇಲ್ಲ. ಸ್ವರ್ಗ–ನರಕದ ಗದ್ದಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ವೈಲ್ಡ್ ಕಾರ್ಡ್ ಮೂಲಕ ಬಂದರು. 2025ರ ಜನವರಿಯಲ್ಲಿ ಐದು ಕೋಟಿಗೂ ಮಿಕ್ಕ ಮತಗಳೊಂದಿಗೆ ಗೆದ್ದು 50 ಲಕ್ಷ ರೂಪಾಯಿ ಬಹುಮಾನ ಪಡೆದರು. ವೈಲ್ಡ್ ಕಾರ್ಡ್‌ನಲ್ಲಿ ಬಂದವರು ಕನ್ನಡದಲ್ಲಿ ಗೆದ್ದದ್ದು ಅದೇ ಮೊದಲು.

ಆ ಗೆಲುವಿನಿಂದ ಈ ಭಾಗದ ಜನಕ್ಕೆ ಆದ ಸಂತೋಷ ದೊಡ್ಡದು, ಅದಕ್ಕೆ ಯಾರೂ ಕುಂದು ಹೇಳಬೇಕಿಲ್ಲ. ಆದರೂ ನ್ಯಾಯದ ಪ್ರಶ್ನೆ ಅಲ್ಲಿಯೂ ಇದೆ. ತಡವಾಗಿ ಬಂದವರಿಗೆ ಹೊರಗೆ ಕೂತು ಮನೆಯವರ ಸ್ವಭಾವ ನೋಡುವ ಅವಕಾಶ ಸಿಕ್ಕಿರುತ್ತದೆ, ಮೊದಲ ವಾರಗಳ ನಾಮಿನೇಷನ್ ಭಯ ತಪ್ಪಿರುತ್ತದೆ. ಅದೇ ವೇಳೆ ಒಳಗೆ ಆಗಲೇ ಕಟ್ಟಿಕೊಂಡ ಗುಂಪುಗಳನ್ನು ಎದುರಿಸಬೇಕಾಗುತ್ತದೆ. ಇದು ಲಾಭವೋ ನಷ್ಟವೋ ಎಂಬುದು ಆಯಾ ವರ್ಷದ ಮನೆಯನ್ನು ಅವಲಂಬಿಸಿರುತ್ತದೆ. ಕೋಟಿಗಟ್ಟಲೆ ಮತ ಎಂದರೆ ಕೋಟಿಗಟ್ಟಲೆ ಜನ ಎಂದೂ ಅಲ್ಲ, ಏಕೆಂದರೆ ಆ್ಯಪ್‌ನಲ್ಲಿ ಒಬ್ಬರೇ ಹಲವು ಮತ ಹಾಕಬಹುದು. ದಿನದ 24 ಗಂಟೆಯ ಚಿತ್ರೀಕರಣ ಒಂದೂವರೆ ಗಂಟೆಗೆ ಇಳಿಯುವಾಗ ಯಾರ ಮಾತು ಉಳಿಯಿತು, ಯಾರದು ಕತ್ತರಿಗೆ ಹೋಯಿತು ಎಂಬುದೂ ಮತವನ್ನು ತಿರುಗಿಸುತ್ತದೆ.

ಆಯ್ಕೆಯಾದವರ ಮುಂದಿನ ಬದುಕಿನ ಹೊಣೆ ಯಾರದು ಎಂಬುದು ಇನ್ನೂ ಕಠಿಣವಾದ ಮಾತು. ಸುವರ್ಣ ವಾಹಿನಿಯ ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಗೆದ್ದ, ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯ ರಾಜೇಶ್ ಸಿನಿಮಾದಲ್ಲೂ ನಟಿಸಿದರು. 2013ರಲ್ಲಿ, ಎಳೆ ವಯಸ್ಸಿನಲ್ಲೇ ತೀರಿಕೊಂಡರು. ಕಾಡಂಚಿನ ಬದುಕಿನಿಂದ ಒಮ್ಮೆಲೇ ಪ್ರಸಿದ್ಧಿಗೆ ಎತ್ತಿ ಮತ್ತೆ ಇಳಿಸಿಬಿಡುವುದು ಸರಿಯೇ ಎಂದು ನಾಡು ಆಗ ಕೇಳಿಕೊಂಡಿತ್ತು. ಇದಕ್ಕೆ ಕಾನೂನಿನ ಉತ್ತರ ಇನ್ನೂ ಬಂದಿಲ್ಲ.

ಆಟದ ಮೋಸಕ್ಕಾದರೆ ಬೇರೆ ದೇಶಗಳಲ್ಲಿ ಕಾನೂನು ಉತ್ತರಿಸಿದೆ. ಅಮೆರಿಕದಲ್ಲಿ 1950ರ ದಶಕದ ‘ಟ್ವೆಂಟಿ ಒನ್’ ಕ್ವಿಜ್ ಕಾರ್ಯಕ್ರಮದಲ್ಲಿ ಆಯ್ದ ಸ್ಪರ್ಧಿಗಳಿಗೆ ಉತ್ತರ ಮೊದಲೇ ಹೇಳಿಕೊಡುತ್ತಿದ್ದುದು ಬಯಲಾಗಿ, 1960ರಲ್ಲಿ ಅಂಥ ಮೋಸವನ್ನು ಅಪರಾಧವಾಗಿಸುವ ತಿದ್ದುಪಡಿ ಬಂತು. ಬ್ರಿಟನ್‌ನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2007–08ರಲ್ಲಿ ಫೋನ್ ಕರೆಯ ಮತ ಹಾಗೂ ಸ್ಪರ್ಧೆಗಳಲ್ಲಿ ವೀಕ್ಷಕರನ್ನು ವಂಚಿಸಿದ ವಾಹಿನಿಗಳಿಗೆ ಲಕ್ಷಾಂತರ ಪೌಂಡ್ ದಂಡ ಹಾಕಿತು. ಭಾರತದಲ್ಲಿ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿ ಇರುವ ಕಾರ್ಯಕ್ರಮ ಸಂಹಿತೆ ಅಶ್ಲೀಲತೆ, ನಿಂದನೆ, ಹಿಂಸೆಗಳ ಬಗ್ಗೆ ಮಾತಾಡುತ್ತದೆ. ಸ್ಪರ್ಧಿಗಳ ಆಯ್ಕೆ ಹೇಗಿರಬೇಕು, ಮತ ಎಣಿಕೆ ಯಾರು ಪರಿಶೀಲಿಸಬೇಕು ಎಂಬುದನ್ನು ಹೇಳುವುದಿಲ್ಲ. ಸ್ವರ್ಗ–ನರಕದ ಪ್ರಕರಣದಲ್ಲಿಯೂ ದೂರು ನಿಂತದ್ದು ಘನತೆಯ ಆಧಾರದ ಮೇಲೆ, ಆಟದ ಸಮಾನತೆಯ ಮೇಲೆ ಅಲ್ಲ. ನೋಡುಗರಿಗೆ ಸದ್ಯ ಇರುವ ದಾರಿ 2021ರ ತಿದ್ದುಪಡಿ ನಿಯಮಗಳದು: ದೂರನ್ನು ಮೊದಲು ವಾಹಿನಿಗೇ ಬರೆದು ಕೊಡಬೇಕು, ಅದು 15 ದಿನಗಳೊಳಗೆ ಉತ್ತರಿಸಬೇಕು. ಸಮಾಧಾನವಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅಲ್ಲಿಂದ ಮುಂದೆ ಕೇಂದ್ರ ಸರ್ಕಾರಕ್ಕೆ ಹೋಗಬಹುದು. ಮುಂಡರಗಿಯಲ್ಲಿ ಕೂತ ವೀಕ್ಷಕರೂ ಈ ದೂರನ್ನು ಕನ್ನಡದಲ್ಲೇ ಬರೆದು ವಾಹಿನಿಗೆ ಕಳಿಸಬಹುದು.