ನಿಂಬೆಹಣ್ಣು: ಬಳಸುವ ಕ್ರಮ ಅರಿತರೆ ಲಾಭ ಹೆಚ್ಚು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ನಿಂಬೆ ಬೆಳೆಗೆ ಹೆಸರಾಗಿದೆ. ರಾಜ್ಯದ ಇತರೆಡೆಗಳಲ್ಲಿಯೂ ಹಿತ್ತಲಿನಲ್ಲಿ, ಬಾವಿಯ ಬಳಿಯಲ್ಲಿ ಒಂದೆರಡು ನಿಂಬೆ ಗಿಡಗಳಿರುವುದುಂಟು. ಹಣ್ಣು ಕೈಗೆಟಕುವಂತಿದ್ದರೂ ಅದರ ಪೂರ್ಣ ಪ್ರಯೋಜನ ಪಡೆಯುವ ಮನೆಗಳು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಂಬೆಗೂ ಸಲ್ಲುತ್ತದೆ.

ರಕ್ತಹೀನತೆಗೆ ತಡೆ

100 ಗ್ರಾಂ ನಿಂಬೆಯಲ್ಲಿ ಸುಮಾರು 30 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಸೀಬೆ, ನೆಲ್ಲಿಕಾಯಿಗಳಲ್ಲಿ ಇದು ಇನ್ನೂ ಬಹಳ ಹೆಚ್ಚು. ಆದರೆ ನಿಂಬೆಯು ಊಟದ ಜೊತೆಯಲ್ಲಿಯೇ ಬಳಕೆಯಾಗುವುದರಿಂದ ಅದಕ್ಕೆ ವಿಶೇಷ ಮಹತ್ವವಿದೆ.

ಗ್ರಾಮೀಣ ಮಹಿಳೆಯರು ಹಾಗೂ ಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ರಾಗಿ, ಕಾಳು ಮತ್ತು ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಅವುಗಳಲ್ಲಿನ ಫೈಟೇಟ್, ಟ್ಯಾನಿನ್ ಮುಂತಾದ ವಸ್ತುಗಳು ಅದನ್ನು ಹಿಡಿದಿಡುತ್ತವೆ. ಹೀಗಾಗಿ ಅಲ್ಪ ಭಾಗ ಮಾತ್ರ ದೇಹಕ್ಕೆ ಸೇರುತ್ತದೆ. 'ಸಿ' ಜೀವಸತ್ವವು ಈ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುವ ರೂಪಕ್ಕೆ ತರುತ್ತದೆ. ಆದುದರಿಂದ ಸೊಪ್ಪಿನ ಪಲ್ಯ, ಬಸ್ಸಾರು, ಉಸಲಿ, ಕೋಸಂಬರಿಗಳಿಗೆ ನಿಂಬೆರಸ ಹಿಂಡಿಕೊಳ್ಳುವುದು ಒಳ್ಳೆಯದು.

ಈ ಜೀವಸತ್ವವು ಶಾಖಕ್ಕೆ ನಾಶವಾಗುತ್ತದೆ. ಕುದಿಯುವ ಸಾರಿಗೆ ರಸ ಹಾಕುವ ಬದಲು, ಬಡಿಸಿದ ಮೇಲೆ ತಟ್ಟೆಯಲ್ಲಿಯೇ ಹಿಂಡಿಕೊಳ್ಳಬೇಕು. ಹಣ್ಣನ್ನು ಆಗಿಂದಾಗ್ಗೆ ಕೊಯ್ದು ಬಳಸಬೇಕು. ಊಟವಾದ ಕೂಡಲೇ ಚಹಾ, ಕಾಫಿ ಕುಡಿದರೆ ಕಬ್ಬಿಣ ಹೀರಿಕೆ ಕುಗ್ಗುವುದರಿಂದ ಒಂದು ಗಂಟೆಯಾದರೂ ಬಿಟ್ಟು ಕುಡಿಯಬೇಕು. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳಿಗೆ ನಿಂಬೆ ಬದಲಿಯಲ್ಲ. ಅವನ್ನು ತಪ್ಪದೆ ಸೇವಿಸಬೇಕು.

ವಾಂತಿ ಭೇದಿಯಾದಾಗ

ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವೇ ಉತ್ತಮ. ಅದು ಸಿಗುವವರೆಗೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಸೇರಿಸಿ, ರುಚಿಗೆ ಸ್ವಲ್ಪ ನಿಂಬೆರಸ ಹಿಂಡಿ, ಆಗಾಗ್ಗೆ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪಿನ ಅಳತೆ ಮೀರಬಾರದು. ಮಗು ಮಂಕಾದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಲೆ ಕುಸಿದಾಗ

ಹೆಚ್ಚಾದ ಹಣ್ಣನ್ನು ಉಪ್ಪಿನಲ್ಲಿ ಹಾಕಿಡಬಹುದು. 1 ಕಿಲೋ ಹಣ್ಣಿನ ಹೋಳುಗಳಿಗೆ 200ರಿಂದ 250 ಗ್ರಾಂ ಉಪ್ಪು ಬೆರೆಸಿ, ಒಣಗಿದ ಪಿಂಗಾಣಿ ಅಥವಾ ಗಾಜಿನ ಭರಣಿಯಲ್ಲಿ ತುಂಬಬೇಕು. ತಾಮ್ರ, ಹಿತ್ತಾಳೆ ಪಾತ್ರೆಗಳು ಸಲ್ಲವು. ಹುಳಿಗೆ ಲೋಹ ಕರಗಿ ಆಹಾರಕ್ಕೆ ಸೇರುತ್ತದೆ. ಅದೇ ಗುಣದಿಂದಾಗಿ ಹಿಂಡಿದ ಸಿಪ್ಪೆಯು ಹಿತ್ತಾಳೆ ಪಾತ್ರೆ ಬೆಳಗಲು ಒದಗುತ್ತದೆ. ಬೆಳಗಿದ ಮೇಲೆ ಚೆನ್ನಾಗಿ ತೊಳೆಯಬೇಕು.

ಎಚ್ಚರಿಕೆ

ನಿಂಬೆಯ ರಸ, ಸಿಪ್ಪೆಯ ಎಣ್ಣೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಯೇಳಬಹುದು, ಕಪ್ಪು ಕಲೆ ಉಳಿಯಬಹುದು. ಹಣ್ಣು ಹಿಂಡಿದವರು ಹೊಲಕ್ಕೆ ಹೋಗುವ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ರಸವನ್ನು ಹಲ್ಲುಗಳಿಗೆ ಉಜ್ಜಬಾರದು. ಹಲ್ಲಿನ ಹೊರಪದರ ಸವೆಯುತ್ತದೆ.

ಊಟದ ಹೊತ್ತಿಗೆ ಅರ್ಧ ಹೋಳು ನಿಂಬೆ ಎಲ್ಲರ ತಟ್ಟೆಯಲ್ಲಿಯೂ ಇರಲಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ತಟ್ಟೆಯಲ್ಲಿ ಅದು ತಪ್ಪದಿರಲಿ.