ಮೊಬೈಲ್ ವಿಡಿಯೋ ಮೂಲಕ ಕಾರ್ಮಿಕರ ತರಬೇತಿ: ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂತಹ ದೊಡ್ಡ ಗ್ರಾಮಗಳಿಂದ ಬೇಲೂರು, ರಾಯಾಪುರ, ತಾರಿಹಾಳದ ಕೈಗಾರಿಕಾ ಘಟಕಗಳಿಗೆ ಕೆಲಸ ಅರಸಿ ಬರುವ ಯುವಕನ ಜೇಬಿನಲ್ಲಿ ಇಂದು ಸ್ಮಾರ್ಟ್ ಫೋನ್ ಇರುತ್ತದೆ. ಅವನಿಗೆ ಕೆಲಸ ಕಲಿಸುವ ವಿಧಾನ ಮಾತ್ರ ಐವತ್ತು ವರ್ಷಗಳ ಹಿಂದಿನದೇ ಆಗಿದೆ. ಹಳೆಯ ಮೇಸ್ತ್ರಿಯ ಪಕ್ಕದಲ್ಲಿ ನಿಲ್ಲಬೇಕು, ನೋಡಬೇಕು, ಕೆಡಿಸಬೇಕು, ಬೈಸಿಕೊಳ್ಳಬೇಕು, ಕಲಿಯಬೇಕು. ಈ ವಿಧಾನ ಕೆಟ್ಟದ್ದೇನಲ್ಲ. ಆದರೆ ಮೇಸ್ತ್ರಿಯವರು ವಯಸ್ಸಾಗಿ ಕೆಲಸ ಬಿಟ್ಟ ದಿನ ಕಾರ್ಖಾನೆಯ ಅರ್ಧ ವಿದ್ಯೆಯೂ ಅವರೊಡನೆ ಹೊರಟುಹೋಗುತ್ತದೆ.

ತರಬೇತಿಗೆ ಎಷ್ಟು ವೆಚ್ಚವಾಗುತ್ತದೆ ಎಂದು ಕೇಳಿದರೆ ಬಹುತೇಕ ಉದ್ದಿಮೆದಾರರು ಏನೂ ಇಲ್ಲವೆನ್ನುತ್ತಾರೆ. ಲಾಭ-ನಷ್ಟ ಪತ್ರಿಕೆಯಲ್ಲಿ ಆ ಶೀರ್ಷಿಕೆಯೇ ಇರುವುದಿಲ್ಲವಾದ್ದರಿಂದ ಹಾಗೆನ್ನಿಸುವುದು ಸಹಜ. ವಾಸ್ತವದಲ್ಲಿ ಆ ವೆಚ್ಚವು ಕಚ್ಚಾಮಾಲಿನ ಬಳಕೆ ಮತ್ತು ಮಜೂರಿ ಎಂಬ ಎರಡು ಶೀರ್ಷಿಕೆಗಳೊಳಗೆ ಅಡಗಿರುತ್ತದೆ. ಲೆಕ್ಕದ ಕ್ರಮ ತಿಳಿಯಲೆಂದು ಮಾತ್ರ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಕಾಸ್ಟಿಂಗ್‌ನ ಬೆಲೆ 180 ರೂಪಾಯಿ. ಅದರ ಮೇಲೆ ಆಗಲೇ ನಡೆದಿರುವ ಯಂತ್ರಗೆಲಸದ ವೆಚ್ಚ 60 ರೂಪಾಯಿ. ಹೊಸಬನು ಮೊದಲ ತಿಂಗಳಲ್ಲಿ 40 ಜಾಬ್ ಕೆಡಿಸಿದರೆ ಹಾನಿ 9,600 ರೂಪಾಯಿ. ಗುಜರಿಯಿಂದ ಜಾಬಿಗೆ 40 ರೂಪಾಯಿಯಂತೆ 1,600 ಮರಳಿ ಬಂದರೂ ನಿವ್ವಳ ಹಾನಿ 8,000. ವರ್ಷಕ್ಕೆ ನಾಲ್ವರು ಹೊಸಬರು ಬಂದರೆ 32,000. ಮೇಸ್ತ್ರಿಯವರು ತಮ್ಮ ಯಂತ್ರ ಬಿಟ್ಟು ಕಲಿಸಲು ನಿಂತ ಗಂಟೆಗಳಾಗಲಿ, ತಡವಾಗಿ ಹೋದ ಆರ್ಡರಾಗಲಿ ಇದರಲ್ಲಿ ಸೇರಿಲ್ಲ. ಆದ್ದರಿಂದ ಕ್ಯಾಮೆರಾ ಹಿಡಿಯುವ ಮೊದಲು ಹೊಸಬರ ಕೈಯಲ್ಲಿ ಕೆಟ್ಟ ಮಾಲನ್ನು ಮೂರು ತಿಂಗಳ ಕಾಲ ಪ್ರತ್ಯೇಕ ವಹಿಯಲ್ಲಿ ಬರೆದಿಡುವುದು ಅವಶ್ಯ. ಆ ಅಂಕಿ ಇಲ್ಲದಿದ್ದರೆ ವಿಡಿಯೋದಿಂದ ಪ್ರಯೋಜನವಾಯಿತೇ ಎಂಬುದನ್ನು ಅನಂತರ ಯಾರೂ ಹೇಳಲಾರರು.

ಎದುರು ಬದಿಯ ವೆಚ್ಚ ಅಲ್ಪ. ಹನ್ನೆರಡು ಸಾವಿರ ರೂಪಾಯಿಯ ಒಂದು ಫೋನನ್ನು ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲಿನ ಮೇಲೆ ಕೊಂಡರೆ, ಅದರ ಮೇಲಿನ ಶೇ. 18ರ ತೆರಿಗೆ, ಅಂದರೆ 2,160 ರೂಪಾಯಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಫೋನಿನ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಮಾಲೀಕರ ಸ್ವಂತ ಹೆಸರಿನ ಬಿಲ್ಲು ತಂದು ವರ್ಷದ ಕೊನೆಗೆ ಲೆಕ್ಕಕ್ಕೆ ಸೇರಿಸಿರೆಂದು ಒತ್ತಾಯಿಸುವ ಪರಿಪಾಠ ನಮ್ಮ ಕಡೆ ಇನ್ನೂ ಹೋಗಿಲ್ಲ.

ವಿಡಿಯೋ ಹೇಗಿರಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಅದು ಕಾರ್ಖಾನೆಯದಲ್ಲ, ಹೊಲದ್ದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆಯು ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ, ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಬೇಸಾಯ ಕ್ರಮಗಳನ್ನು ಮಾಡಿ ತೋರಿಸುವ ಚಿಕ್ಕ ವಿಡಿಯೋಗಳನ್ನು ತಯಾರಿಸಿತು. ಅವುಗಳನ್ನು ಟಿವಿ ಮತ್ತು ಡಿವಿಡಿ ಉಪಕರಣದ ಮೂಲಕ ಹಳ್ಳಿಯ ರೈತರ ಗುಂಪುಗಳಿಗೆ ತೋರಿಸಲಾಯಿತು. 16 ಹಳ್ಳಿಗಳ 1,470 ಕುಟುಂಬಗಳಲ್ಲಿ ಹದಿಮೂರು ತಿಂಗಳು ನಡೆದ ಪ್ರಯೋಗದಲ್ಲಿ, ಹಳೆಯ ವಿಸ್ತರಣಾ ಪದ್ಧತಿಗೆ ಹೋಲಿಸಿದರೆ ಕೆಲವು ಕ್ರಮಗಳ ಅಳವಡಿಕೆ ಸುಮಾರು ಏಳು ಪಟ್ಟು ಹೆಚ್ಚಾಯಿತು. ಖರ್ಚು ಮಾಡಿದ ಹಣದ ಲೆಕ್ಕದಲ್ಲಿ ಪರಿಣಾಮ ಹತ್ತು ಪಟ್ಟು.

ಈ ಯಶಸ್ಸಿನ ಗುಟ್ಟು ತೆರೆಯಲ್ಲಿ ಮಾತ್ರ ಇರಲಿಲ್ಲ. ತೋರಿಸುವ ಹೊತ್ತಿಗೆ ಊರಿನವರೇ ಆದ ಒಬ್ಬ ವ್ಯಕ್ತಿ ಪಕ್ಕದಲ್ಲಿ ನಿಂತು, ಚಿತ್ರವನ್ನು ನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಉತ್ತರ ಪಡೆದು ಮುಂದೆ ಸಾಗುತ್ತಿದ್ದರು. ಪರಿಚಿತ ಮುಖ, ಪರಿಚಿತ ಮಾತು ಇದ್ದುದರಿಂದ ‘ಇದು ನಮ್ಮಿಂದಲೂ ಆದೀತು’ ಎಂಬ ಭರವಸೆ ನೋಡುವವರಲ್ಲಿ ಮೂಡಿತು. ಕಾರ್ಖಾನೆಗೂ ಇದೇ ಅನ್ವಯ. ಬೇರೆ ದೇಶದ ಹೊಳೆಯುವ ಯಂತ್ರದ ಮೇಲೆ ಇಂಗ್ಲಿಷ್ ವಿವರಣೆಯೊಡನೆ ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ತರಬೇತಿ ಮುಗಿಯಿತೆನ್ನುವುದು ಆತ್ಮವಂಚನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಕಾರ್ಖಾನೆಗಳ ಹೊಸ ಕೆಲಸಗಾರರಿಗಾಗಿ ರೂಪಿಸಿದ ತರಬೇತಿ ಕ್ರಮದಲ್ಲಿಯೂ ನಾಲ್ಕು ಹೆಜ್ಜೆಗಳಿದ್ದವು: ಕಲಿಯುವವನನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವನಿಂದ ಮಾಡಿಸುವುದು, ಅನಂತರವೂ ಬಂದು ನೋಡುತ್ತಿರುವುದು. ವಿಡಿಯೋ ನೆರವಾಗುವುದು ಎರಡನೆಯ ಹೆಜ್ಜೆಗೆ ಮಾತ್ರ. ಉಳಿದ ಮೂರಕ್ಕೆ ಮನುಷ್ಯನೇ ಬೇಕು.

ಚಿತ್ರೀಕರಣದಲ್ಲಿ ಕೆಲವು ಸಣ್ಣ ಸಂಗತಿಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ. ಕೆಲಸಗಾರನ ಎದುರಿನಿಂದ ಚಿತ್ರ ತೆಗೆದರೆ ನೋಡುವವನಿಗೆ ಎಡ-ಬಲ ತಿರುವುಮುರುವಾಗುತ್ತದೆ. ಹೆಗಲ ಹಿಂದಿನಿಂದ, ಅವನ ಕೈ ಅವನಿಗೇ ಕಾಣುವ ಕೋನದಿಂದ ತೆಗೆಯಬೇಕು. ಒಂದು ವಿಡಿಯೋದಲ್ಲಿ ಒಂದೇ ಕ್ರಿಯೆ, ಎರಡು ನಿಮಿಷದೊಳಗೆ. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ವಿವರಣೆಯನ್ನು ಅನಂತರ ನಿಶ್ಶಬ್ದ ಕೋಣೆಯಲ್ಲಿ ಸೇರಿಸಬೇಕು, ಅದೂ ಮೇಸ್ತ್ರಿಯವರ ಧಾರವಾಡದ ಆಡುಮಾತಿನಲ್ಲಿಯೇ. ಸರಿಯಾದ ಜಾಬಿನ ಜೊತೆಗೆ ಕೆಟ್ಟ ಜಾಬನ್ನೂ ತೋರಿಸಿ, ಎಲ್ಲಿ ಕೆಟ್ಟಿತೆಂದು ಬೆರಳಿಟ್ಟು ಹೇಳಿಸಬೇಕು. ಪ್ರತಿ ವಿಡಿಯೋಗೆ ಸಂಖ್ಯೆ ಮತ್ತು ದಿನಾಂಕ ಇರಲಿ. ಫಿಕ್ಸ್‌ಚರ್ ಅಥವಾ ನಕ್ಷೆ ಬದಲಾದ ದಿನವೇ ಹಳೆಯದನ್ನು ಅಳಿಸಬೇಕು. ಹಳೆಯ ವಿಡಿಯೋ ನೋಡಿ ಕೆಲಸ ಮಾಡುವವನು ಏನೂ ಕಲಿಯದವನಿಗಿಂತ ಹೆಚ್ಚು ಹಾನಿ ಮಾಡಬಲ್ಲ. ಐಎಸ್‌ಒ 9001 ಪ್ರಮಾಣಪತ್ರ ಪಡೆದ ಘಟಕಗಳು ಕೆಲಸಗಾರರ ಸಾಮರ್ಥ್ಯಕ್ಕೆ ದಾಖಲೆ ಇಡಬೇಕಾಗುತ್ತದೆ. ವಿಡಿಯೋ ನೋಡಿದನೆಂಬ ಸಹಿ ಅದಕ್ಕೆ ಸಾಲದು. ಅವನೇ ಮಾಡಿದ ಮೊದಲ ಐದು ಜಾಬುಗಳ ಅಳತೆಯನ್ನು ಬರೆದಿಟ್ಟರೆ ಅದು ದಾಖಲೆಯಾಗುತ್ತದೆ.

ಯಂತ್ರ ಓಡುತ್ತಿರುವಾಗ ಫೋನ್ ಕೈಯಲ್ಲಿರಕೂಡದು. ನೋಡುವ ಸ್ಥಳ ಯಂತ್ರದಿಂದ ದೂರದ ಮೇಜಾಗಿರಲಿ, ಸಂಸ್ಥೆಯದೇ ಫೋನಾಗಿರಲಿ. ಕೆಲಸಗಾರರಿಗೆ ಸುರಕ್ಷತೆಯ ತಿಳಿವಳಿಕೆ ಮತ್ತು ತರಬೇತಿ ನೀಡುವ ಹೊಣೆಯನ್ನು 1948ರ ಕಾರ್ಖಾನೆ ಕಾಯ್ದೆಯ 7ಎ ಕಲಮು ಮಾಲೀಕರ ಮೇಲೆ ಹೊರಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆಯಾದರೂ ಸುರಕ್ಷಿತ ಕಾರ್ಯಸ್ಥಳ ಒದಗಿಸುವ ಮಾಲೀಕರ ಹೊಣೆ ತಪ್ಪಿಲ್ಲ.

ವ್ಯಾಪಾರಸ್ಥರಿಗೂ ಇದು ಹೊರತಲ್ಲ. ಇ-ವೇ ಬಿಲ್ಲಿನಲ್ಲಿ ವಾಹನ ಸಂಖ್ಯೆಯ ಒಂದೆರಡು ಅಕ್ಷರ ತಪ್ಪಿದರೆ 2018ರ ಸೆಪ್ಟೆಂಬರ್ ಸುತ್ತೋಲೆಯಂತೆ ಒಟ್ಟು ಸಾವಿರ ರೂಪಾಯಿ ದಂಡದಲ್ಲಿ ಮುಗಿಯಬಹುದು. ಬಿಲ್ಲೇ ಇಲ್ಲದೆ ಲಾರಿ ಹೊರಟರೆ ತೆರಿಗೆಯ ಶೇ. 200ರಷ್ಟು ದಂಡದ ಪ್ರಸಂಗ ಬರುತ್ತದೆ. ಹೊಸ ಗುಮಾಸ್ತನಿಗಾಗಿ ಕಂಪ್ಯೂಟರ್ ಪರದೆಯನ್ನೇ ಚಿತ್ರೀಕರಿಸಿದ ಎರಡು ನಿಮಿಷದ ವಿಡಿಯೋ ಇಲ್ಲಿ ಉಪಯುಕ್ತ.

ಇನ್ನು ಎರಡು ಎಚ್ಚರಿಕೆಗಳಿವೆ. ಗ್ರಾಹಕ ಕಂಪನಿಯ ನಕ್ಷೆ ಅಥವಾ ಬಿಡಿಭಾಗ ಚಿತ್ರದಲ್ಲಿ ಕಂಡರೆ ಗೋಪ್ಯತೆಯ ಕರಾರು ಮುರಿದಂತಾಗುವ ಸಂಭವವಿದೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ಸಂಜೆಯೊಳಗೆ ಪಕ್ಕದ ಶೆಡ್ಡಿಗೂ ತಲುಪಿರುತ್ತದೆ. ಚಿತ್ರದಲ್ಲಿ ಕಾಣುವ ಕೆಲಸಗಾರನಿಂದ ಲಿಖಿತ ಒಪ್ಪಿಗೆ ಪಡೆದಿಡುವುದೂ ಕ್ಷೇಮ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಮೇಸ್ತ್ರಿಯವರ ಮನಸ್ಸು. ಮೂವತ್ತು ವರ್ಷಗಳಲ್ಲಿ ಗಳಿಸಿದ ಕೈಚಳಕವನ್ನು ಎರಡು ನಿಮಿಷದಲ್ಲಿ ಒಪ್ಪಿಸಿದ ಮೇಲೆ ತಮ್ಮ ಅವಶ್ಯಕತೆ ಉಳಿಯುವುದೇ ಎಂಬ ಅವರ ಶಂಕೆ ನ್ಯಾಯವಾದುದೇ. ಕೆಲಸದ ಭರವಸೆಯನ್ನು ಮೊದಲೇ ಬರಹದಲ್ಲಿ ಕೊಟ್ಟು, ಪ್ರತಿ ವಿಡಿಯೋಗೆ ಒಂದು ಗೌರವಧನ ಗೊತ್ತುಮಾಡಿ, ಅದನ್ನು ವೇತನಪಟ್ಟಿಯ ಮೂಲಕವೇ ಪಾವತಿಸಬೇಕು. ಹೊಸಬರನ್ನು ಪರೀಕ್ಷಿಸಿ ಯಂತ್ರಕ್ಕೆ ಬಿಡುವ ಅಧಿಕಾರವೂ ಅವರದೇ ಆಗಿರಲಿ. ವಿಡಿಯೋದ ಆರಂಭದಲ್ಲಿ ಅವರ ಹೆಸರು ಮೂಡಿದರೆ ಎರಡನೆಯ ವಿಡಿಯೋಗೆ ಅವರನ್ನು ಒಪ್ಪಿಸುವುದು ಅಷ್ಟು ಕಷ್ಟವಾಗದು.