ಹಿತ್ತಲಲ್ಲಿ ಕಣಜದ ಪಹರೆ

ಮಲೆನಾಡಿನವರಿಗೆ ಕಣಜವೆಂದರೆ ಮೊದಲು ನೆನಪಾಗುವುದು ಅದರ ಕಡಿತ. ಸೊಪ್ಪು ಕಡಿಯುವಾಗ ಗೂಡಿಗೆ ಕತ್ತಿ ತಾಗಿ ಮುಖ ಊದಿಸಿಕೊಂಡವರು ಮೇಗರವಳ್ಳಿಯ ಆಸುಪಾಸಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅದೇ ಬಳಗದ ಇನ್ನೊಂದು ಬಗೆಯ ಪುಟ್ಟ ಕಣಜಗಳು ನಮ್ಮ ತೋಟ, ಗದ್ದೆ, ಹಿತ್ತಲಲ್ಲೇ ಇವೆ. ಅವು ಮನುಷ್ಯರ ತಂಟೆಗೆ ಬರುವುದಿಲ್ಲ. ಹೆಣ್ಣು ಕಣಜ ತನ್ನ ಸೂಜಿಯನ್ನು ಬಳಸುವುದು ಬೆಳೆ ತಿನ್ನುವ ಕೀಟದ ಮೊಟ್ಟೆಗೋ ಮೈಗೋ ಚುಚ್ಚಿ ತನ್ನ ಮೊಟ್ಟೆ ಇಡಲಿಕ್ಕೆ. ಮರಿ ಆ ಕೀಟವನ್ನೇ ತಿಂದು ಬೆಳೆಯುತ್ತದೆ, ಕೀಟ ಸಾಯುತ್ತದೆ. ಕೃಷಿ ಇಲಾಖೆಯವರು ಇವನ್ನು ಪರತಂತ್ರ ಜೀವಿ ಎಂದು ಕರೆಯುತ್ತಾರೆ.

ಇವುಗಳ ಗುರುತು ಹಿಡಿಯಲು ಅಲಸಂದೆ ಚಪ್ಪರವೇ ಸಾಕು. ಕುಡಿಯಲ್ಲಿ ಮುತ್ತಿದ ಕಪ್ಪು ಹೇನುಗಳ ನಡುವೆ ಒಂದಷ್ಟು ಹೇನು ಉಬ್ಬಿ, ಬಣ್ಣಗೆಟ್ಟು, ಕದಲದೆ ಅಂಟಿಕೊಂಡಿದ್ದರೆ ಅವುಗಳೊಳಗೆ ಕಣಜದ ಮರಿ ಇದೆ ಎಂದರ್ಥ. ಬೆನ್ನಲ್ಲಿ ದುಂಡನೆಯ ತೂತು ಕಂಡರೆ ಕಣಜ ಆಗಲೇ ಹೊರಬಿದ್ದಿದೆ. ಎಲೆ ತಿನ್ನುವ ಕಂಬಳಿಹುಳುವಿನ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಸಾಲಾಗಿ ಅಂಟಿರುವುದೂ ಉಂಟು. ಹುಳು ಮೊಟ್ಟೆ ಇಟ್ಟಿತೆಂದು ಬಹಳ ಜನ ಅವನ್ನು ಹೊಸಕಿ ಹಾಕುತ್ತಾರೆ. ದಯವಿಟ್ಟು ಹೊಸಕಬೇಡಿ, ಕಂಬಳಿಹುಳು ಮೊಟ್ಟೆ ಇಡುವುದಿಲ್ಲ, ಅವು ಕಣಜದ ಗೂಡುಗಳು. ಈ ಗುಂಪಿನ ಕೆಲವು ಕಣಜಗಳು ಮೊಟ್ಟೆಯ ಜತೆಗೆ ಒಂದು ಬಗೆಯ ವೈರಸ್ಸನ್ನೂ ಹುಳುವಿನೊಳಗೆ ಸೇರಿಸಿ, ಅದರ ನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತವೆ.

ಭತ್ತದ ಗದ್ದೆಯಲ್ಲಿ ಕಾಂಡಕೊರಕಕ್ಕೆ ಬಳಸುವ ಟ್ರೈಕೊಗ್ರಾಮ ಒಂದು ಮಿಲಿಮೀಟರ್ ಕೂಡ ಇಲ್ಲ. ಪ್ರಯೋಗಾಲಯದಲ್ಲಿ ಅಕ್ಕಿ ಪತಂಗದ ಮೊಟ್ಟೆಗಳಲ್ಲಿ ಅದನ್ನು ಬೆಳೆಸಿ, ಆ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ. ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ ಎಲೆಯ ಅಡಿಭಾಗಕ್ಕೆ ಸಿಕ್ಕಿಸಿದರೆ ಕಣಜ ಹೊರಬಂದು ಪತಂಗದ ಮೊಟ್ಟೆ ಹುಡುಕಿಕೊಂಡು ಹೋಗುತ್ತದೆ. ಹುಳು ಹುಟ್ಟುವ ಮೊದಲೇ ಕೆಲಸ ಮುಗಿಯುತ್ತದೆ. ನಮ್ಮ ಕಡೆ ಒಂದು ತೊಡಕಿದೆ. ಆಗುಂಬೆಯ ಮಗ್ಗುಲಲ್ಲೇ ಇರುವ ಮೇಗರವಳ್ಳಿಯ ಜಡಿಮಳೆಗೆ ಕಾರ್ಡು ನೆನೆದು ಹಾಳಾಗುತ್ತದೆ, ಹೊಳವು ನೋಡಿ ಸಂಜೆ ಹೊತ್ತಿಗೆ ಕಟ್ಟಬೇಕು. ತಂದ ಕಾರ್ಡನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಕಣಜದ ತಾಕತ್ತು ಗೊತ್ತಾಗಬೇಕಾದರೆ ಪಪ್ಪಾಯಿಯ ಕಥೆ ಕೇಳಬೇಕು. ಮೆಕ್ಸಿಕೊ ಮೂಲದ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿಯ ಜತೆಗೆ ಹಿಪ್ಪುನೇರಳೆಯನ್ನೂ ಹಾಳುಗೆಡವಿತು. ಮೈಗೆಲ್ಲ ಮೇಣದ ಹೊದಿಕೆ ಇದ್ದ ಅದಕ್ಕೆ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಚೆನ್ನಾಗಿ ನೆಲೆಯೂರಿತು. ಬಿಟ್ಟ ಕಡೆಯಲ್ಲೆಲ್ಲ ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ಬಂದಾಗಲೂ ಎನ್‌ಕಾರ್ಸಿಯಾ ಎಂಬ ಕಣಜ ತಾನಾಗಿಯೇ ಅದರ ಬೆನ್ನು ಹತ್ತಿತು. ಅದನ್ನು ಉಳಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೀಟನಾಶಕ ಬೇಡವೆಂದರು.

ಅಡಿಕೆಯ ಕೊಳೆಗೆ ಬೋರ್ಡೋ ಹೊಡೆಯದೆ ನಮಗೆ ವಿಧಿಯಿಲ್ಲ. ನನ್ನ ತಕರಾರು ಅದರ ಬಗ್ಗೆ ಅಲ್ಲ. ನಾಲ್ಕು ಹೇನು ಕಂಡ ತಕ್ಷಣ ಹಿತ್ತಲಿಗೂ ಕೀಟನಾಶಕದ ಡಬ್ಬಿ ತರುವ ಅಭ್ಯಾಸದ ಬಗ್ಗೆ. ಆ ವಿಷಕ್ಕೆ ಹೇನಿನ ಜತೆ ಕಣಜವೂ ಸಾಯುತ್ತದೆ. ಹೇನು ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತದೆ, ಕಣಜ ಅಷ್ಟು ಬೇಗ ಬರುವುದಿಲ್ಲ. ಬೆಳೆದ ಕಣಜಕ್ಕೆ ಹೂವಿನ ಮಕರಂದವೇ ಊಟ. ಹಾಗಾಗಿ ಮಡಿಯ ಅಂಚಿನಲ್ಲಿ ಒಂದಿಷ್ಟು ಸಬ್ಬಸಿಗೆ, ಕೊತ್ತಂಬರಿಯನ್ನು ಕೀಳದೆ ಹೂ ಬಿಡಲು ಬಿಡಿ, ಬೇಲಿಬದಿಯ ತುಂಬೆಯನ್ನು ಕಳೆಯೆಂದು ಸವರಬೇಡಿ. ಔಷಧಿ ಹೊಡೆಯುವ ಮುಂಚೆ ಎಲೆ ಮಗುಚಿ, ಉಬ್ಬಿದ ಹೇನು ಇದೆಯೇ ನೋಡಿ. ಇದ್ದರೆ ಪಂಪನ್ನು ಒಂದು ವಾರ ಮೂಲೆಯಲ್ಲೇ ಇಡಿ.